ನಿಮಗಿದು ಗೊತ್ತೆ? ಇಲಿಗಳ ಪ್ರಾಣ ಉಳಿಸಿದ ಅರಿಶಿನ!

ಅಡುಗೆಮನೆಯ ಅರಿಶಿನದ ಹಳದಿಗೆ ಮಲೇರಿಯಾ ರೋಗಾಣುವನ್ನು ಕೊಲ್ಲುವ ಗುಣವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಕಂಡ ಸತ್ಯವಿದು.

ಆ ಹಳದಿಯ ಹೆಸರು ಕರ್ಕ್ಯುಮಿನ್. ಜಿ. ಪದ್ಮನಾಭನ್, ಪಿ. ಎನ್. ರಂಗರಾಜನ್ ಅವರ ತಂಡ ಮಲೇರಿಯಾ ತಗುಲಿದ ಪುಟ್ಟ ಇಲಿಗಳಿಗೆ ಆರ್ಟಿಈಥರ್ ಎಂಬ ಔಷಧವನ್ನು ಒಂದೇ ಸಲ ಚುಚ್ಚಿತು. ಅದೊಂದನ್ನೇ ಕೊಟ್ಟರೆ ರೋಗ ಮರುಕಳಿಸುತ್ತಿತ್ತು. ಬೆನ್ನಿಗೇ ಮೂರು ಸಲ ಕರ್ಕ್ಯುಮಿನ್ ಕುಡಿಸಿದಾಗ ಹೆಚ್ಚುಕಡಿಮೆ ಎಲ್ಲ ಇಲಿಗಳೂ ಬದುಕಿದವು! 2006ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆರ್ಟಿಈಥರ್‌ನ ಮೂಲವೂ ಗಿಡವೇ, ನಮ್ಮ ಮಾಚಿಪತ್ರೆಯ ಚೀನೀ ಬಂಧು. ಆ ಗಿಡದಿಂದ ಈ ಔಷಧದ ಮೂಲವಸ್ತುವಾದ ಆರ್ಟೆಮಿಸಿನಿನ್ ಬೇರ್ಪಡಿಸಿದ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು.

ಹಾಗೆಂದು ಚಳಿಜ್ವರಕ್ಕೆ ಅರಿಶಿನದ ಹಾಲು ನೆಚ್ಚಿ ಕೂರಬೇಡಿ, ರಕ್ತಪರೀಕ್ಷೆ ಮಾಡಿಸಿ. 100 ಗ್ರಾಂ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. ತಿಂದದ್ದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಈ ಹಳದಿಯನ್ನೇ ಅರಿಶಿನದಿಂದ ಬೇರ್ಪಡಿಸಿ ವಿದೇಶಗಳಿಗೂ ಮಾರುವ ಸಾಮಿ-ಸಬಿನ್ಸಾ (ಹಿಂದಿನ ಸಾಮಿ ಲ್ಯಾಬ್ಸ್) ಕಂಪನಿ ಇರುವುದು ಎಲ್ಲಿ ಗೊತ್ತೆ? ಭಾರತೀಯ ವಿಜ್ಞಾನ ಸಂಸ್ಥೆಯಿಂದ ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಸಿಗುವ ಪೀಣ್ಯದಲ್ಲಿ.