ಮಣ್ಣಿನ ಹದ ಹೇಳುವ ವಿಶ್ವಕಿರಣ

ಕಾಸರಗೋಡಿನವರಾದ ನಮಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಆದರೆ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರಿರುವ ಅನಂತಪುರ ಜಿಲ್ಲೆಯ ಕುಂದುರ್ಪಿ ಕಡೆ ಅದರ ಕಾಲು ಪಾಲೂ ಇಲ್ಲ. ಮಳೆಯನ್ನೇ ನಂಬಿ ಕಡಲೆಕಾಯಿ (ನಮ್ಮ ನೆಲಗಡಲೆ) ಬಿತ್ತುವ ಅಲ್ಲಿನ ರೈತ ಹಿಡಿ ಮಣ್ಣನ್ನು ಹಿಸುಕಿ ಹದ ನೋಡುತ್ತಾನೆ. ಅಂದಾಜು ತಪ್ಪಿದರೆ ಬೀಜ ಹೋಗುತ್ತದೆ, ಸಾಲ ಉಳಿಯುತ್ತದೆ.

ಈ ಹದವನ್ನು ಅಳೆಯಲು ವಿಜ್ಞಾನಿಗಳು ಆಕಾಶದ ನೆರವು ಪಡೆದಿದ್ದಾರೆ. ಬಾಹ್ಯಾಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳು ಗಾಳಿಯ ಹಾಗೂ ಮಣ್ಣಿನ ಪರಮಾಣುಗಳಿಗೆ ಬಡಿದಾಗ ನ್ಯೂಟ್ರಾನ್ ಕಣಗಳು ಸಿಡಿಯುತ್ತವೆ. ಗೋಲಿಯೊಂದು ಬಂಡೆಗೆ ಬಡಿದರೆ ಪುಟಿಯುತ್ತದೆ; ತನ್ನಷ್ಟೇ ತೂಕದ ಗೋಲಿಗೆ ಬಡಿದರೆ ನಿಂತುಬಿಡುತ್ತದೆ. ನ್ಯೂಟ್ರಾನಿಗೆ ಸರಿತೂಕದ ಗೋಲಿಯೆಂದರೆ ನೀರಿನಲ್ಲಿರುವ ಹೈಡ್ರೋಜನ್. ಆದ್ದರಿಂದ ಒದ್ದೆ ನೆಲದ ಮೇಲೆ ವೇಗದ ನ್ಯೂಟ್ರಾನುಗಳು ಕಡಿಮೆ, ಒಣ ನೆಲದ ಮೇಲೆ ಹೆಚ್ಚು.

ಅನಿಲ ತುಂಬಿದ ಕೊಳವೆಯೊಂದನ್ನು ಹೊಲದಲ್ಲಿ ಕಂಬಕ್ಕೆ ಕಟ್ಟಿ ಗಂಟೆಗಂಟೆಗೂ ಇವುಗಳನ್ನು ಎಣಿಸುತ್ತಾರೆ. ಅಮೆರಿಕದ ಮಾರೆಕ್ ಜ್ರೆಡಾ ಮತ್ತು ಸಂಗಡಿಗರು 2008ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಸುತ್ತಲಿನ ನೂರೈವತ್ತು ಇನ್ನೂರು ಮೀಟರಿನ ಸರಾಸರಿ ತೇವ ಅಗೆಯದೆಯೇ ತಿಳಿಯುತ್ತದೆ. ಒಣ ಮಣ್ಣಿನಲ್ಲಿ ಇದರ ನೋಟ ಆಳಕ್ಕೆ ಇಳಿಯುತ್ತದೆ, ಒದ್ದೆಯಲ್ಲಿ ಒಂದು ಗೇಣಿಗೂ ಕಡಿಮೆ. ಆದರೂ ಮೊದಲೊಮ್ಮೆ ಅಲ್ಲಲ್ಲಿಯ ಮಣ್ಣು ತೆಗೆದು, ಒಲೆಯಲ್ಲಿ ಒಣಗಿಸಿ, ತೂಗಿ ತಾಳೆ ನೋಡಲೇಬೇಕು. ಗಾಳಿಯ ಒತ್ತಡ, ಆವಿ, ಸೂರ್ಯನ ಏರಿಳಿತಗಳನ್ನೂ ಲೆಕ್ಕದಿಂದ ಕಳೆಯಬೇಕು.

ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ನ್ಯೂಟ್ರಿನೋ ಗುರುತಿಸಿದವರು ವಿಶ್ವಕಿರಣದ ಗದ್ದಲ ತಪ್ಪಿಸಿಕೊಳ್ಳಲು ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದರು. ಇಲ್ಲಿ ಆ ಗದ್ದಲವೇ ಬಂಡವಾಳ. ಗುಂಡ್ಲುಪೇಟೆ ತಾಲೂಕಿನ ಮಾದಹಳ್ಳಿ, ಬೇರಂಬಾಡಿಗಳಲ್ಲಿ 2015ರಿಂದೀಚೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಬ್ರಿಟನ್ನಿನ ವಿಜ್ಞಾನಿಗಳೊಡನೆ ಇಂಥ ಯಂತ್ರಗಳನ್ನು ನಿಲ್ಲಿಸಿತು.

ಗುಂಡ್ಲುಪೇಟೆಯಲ್ಲಿ ಎಣಿಸಿದ್ದನ್ನು ಕುಂದುರ್ಪಿಯ ಬಯಲಿನಲ್ಲಿ ಎಣಿಸಲು ಅಡ್ಡಿಯೇನೂ ಇಲ್ಲ. ಆಕಾಶದ ಆ ಕಣಗಳಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ಆದರೆ ಎಣಿಕೆ ಪ್ರಯೋಗಾಲಯದ ಕಡತದಲ್ಲೇ ಉಳಿದರೆ ರೈತನಿಗೆ ಫಲವಿಲ್ಲ. ಬಿತ್ತನೆಗೆ ಮುಂಚೆ, ಅವನಾಡುವ ಮಾತಿನಲ್ಲಿ, ತೆಲುಗಾಗಲಿ ಕನ್ನಡವಾಗಲಿ, ಅದು ಅವನ ಹೊಲದ ಬದುವಿಗೆ ತಲುಪಬೇಕು.