ಬಣ್ಣಕ್ಕೆ ಮುಂಚಿನ ಕೆಲಸ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ ಬೈಕು, 1973ರಿಂದ ಯೆಜ್ಡಿ ಎಂಬ ಹೆಸರು ಹೊತ್ತು 1996ರವರೆಗೂ ತಯಾರಾಯಿತು. ಕಾರ್ಖಾನೆ ಬಾಗಿಲು ಮುಚ್ಚಿ ಇಷ್ಟು ಕಾಲವಾದರೂ ಹಿತ್ತಲ ಕೊಟ್ಟಿಗೆಯಿಂದ, ಗುಜರಿ ಅಂಗಡಿಯಿಂದ ಎದ್ದುಬಂದ ಹಳೆಯ ಬೈಕುಗಳು ಮತ್ತೆ ರಸ್ತೆಗಿಳಿಯುತ್ತಲೇ ಇವೆ. ನೋಡುವವರ ಕಣ್ಣು ಮೊದಲು ಹೋಗುವುದು ಟ್ಯಾಂಕಿನ ಹೊಳಪಿಗೆ, ಸೈಲೆನ್ಸರಿನ ಕ್ರೋಮಿಗೆ. ಎಂಜಿನ್ನಿನ, ಸವಾರನ ಭಾರ ಹೊರುವ ಚಾಸಿಯನ್ನು ಯಾರೂ ಬಗ್ಗಿ ನೋಡುವುದಿಲ್ಲ; ನೋಡಿದರೂ ಕಾಣುವುದು ಕಪ್ಪು ಬಣ್ಣ ಮಾತ್ರ. ಹಳೆಯ ಬೈಕನ್ನು ನಿಜವಾಗಿ ಉಳಿಸಿದ್ದಾರೋ, ಅಲಂಕರಿಸಿ ನಿಲ್ಲಿಸಿದ್ದಾರೋ ಎಂಬುದು ತೀರ್ಮಾನವಾಗುವುದು ಆ ಕಪ್ಪು ಬಣ್ಣ ಬೀಳುವ ಮುಂಚೆ, ಹಳೆಯ ಬಣ್ಣ, ತುಕ್ಕು ಕಳಚುವ ಹಂತದಲ್ಲಿ.

ಇದಕ್ಕೆ ಕಾರಣ ತುಕ್ಕಿನ ಗುಣದಲ್ಲೇ ಇದೆ. ನೀರು, ಗಾಳಿ ಸೋಕಿ ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಬಣ್ಣದಡಿ ಉಳಿದ ತುಕ್ಕಿಗೆ ತೇವ ತಗುಲಿದರೆ ಅದು ಉಬ್ಬಿ ಮೇಲಿನ ಪದರವನ್ನು ಎಬ್ಬಿಸುತ್ತದೆ. ಎದ್ದ ಪದರದ ಸಂದಿಯಲ್ಲಿ ಮತ್ತಷ್ಟು ನೀರು ಇಳಿಯುತ್ತದೆ. ಹಾಗಾಗಿ ತುಕ್ಕಿನ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ಅದು ಮುಚ್ಚಳವಾದೀತೇ ಹೊರತು ಮದ್ದಾಗದು. ಎಲ್ಲವನ್ನೂ ಕಳಚಿದಾಗಲೇ ಬೆತ್ತಲೆ ಲೋಹ ತನ್ನ ಕಥೆ ಹೇಳುವುದು: ಬ್ಯಾಟರಿಯ ಆಸಿಡ್ ತೊಟ್ಟಿಕ್ಕಿ ತಿಂದುಹೋದ ಜಾಗ, ವೆಲ್ಡಿಂಗ್ ಪಕ್ಕದ ಕೂದಲೆಳೆಯ ಬಿರುಕು, ಹಿಂದೆಂದೋ ಬಿದ್ದು ಬಾಗಿದ್ದನ್ನು ಪುಟ್ಟಿ ತುಂಬಿ ಮುಚ್ಚಿದ ಗುರುತು. ಅನುಮಾನವಿದ್ದಲ್ಲಿ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿಯ ಲೇಪ ಸಿಂಪಡಿಸಿದರೆ ಬಿರುಕಿನೊಳಗೆ ಅವಿತ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಕಳಚುವ ಕೆಲಸವೆಂದರೆ ಚಾಸಿಯ ತಪಾಸಣೆಯೂ ಹೌದು.

ಒತ್ತಡದ ಗಾಳಿಯಲ್ಲಿ ಮರಳು ಚಿಮ್ಮಿಸುವ ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಟ್ಟರೆ ಬೇಗ ಮುಗಿಯುತ್ತದಲ್ಲ, ಉಪ್ಪುಕಾಗದ ಹಿಡಿದು ಯಾಕೆ ಕೂರಬೇಕು ಎಂಬ ಪ್ರಶ್ನೆ ಸಹಜ. ಕೈ ಹೋಗದ ಮೂಲೆಗೂ ಅದು ತಲುಪುತ್ತದೆ ಎಂಬುದು ನಿಜ. ಆದರೆ ಒತ್ತಡ ಮಿತಿಮೀರಿದರೆ ತೆಳು ತಗಡು ಸೊಟ್ಟಗಾಗುತ್ತದೆ, ಬೇರಿಂಗ್ ಕೂರುವ ಜಾಗ ಒರಟಾಗುತ್ತದೆ, ಮರೆಮಾಡದಿದ್ದರೆ ಚಾಸಿ ನಂಬರೇ ಮಸುಕಾಗುತ್ತದೆ. ಮಾಮೂಲಿ ಮರಳಿನ ದೂಳು ಕೆಲಸಗಾರನ ಶ್ವಾಸಕೋಶಕ್ಕಿಳಿದರೆ ಸಿಲಿಕೋಸಿಸ್ ತರುತ್ತದೆ. ಅದರ ಬದಲು ಗಾರ್ನೆಟ್ ಅಥವಾ ಗಾಜಿನ ಮಣಿ ಬಳಸಬಹುದು, ಆಗಲೂ ಮುಖಗವಸು ಬಿಡುವಂತಿಲ್ಲ. ಆಸಿಡ್ಡಿನಲ್ಲಿ ಮುಳುಗಿಸಿದರೆ ಕೊಳವೆಯೊಳಗೆ ನಿಂತದ್ದು ತೊಳೆದರೂ ಪೂರ್ತಿ ಹೋಗದೆ ಒಳಗಿಂದಲೇ ತಿನ್ನತೊಡಗುತ್ತದೆ. ಸಣ್ಣ ಭಾಗಗಳಿಗೆ ವಾಷಿಂಗ್ ಸೋಡಾದ ನೀರಿನಲ್ಲಿ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸುವುದು ಸೌಮ್ಯ ದಾರಿ: ಭಾಗಕ್ಕೆ ಋಣ ತಂತಿ, ಗುಜರಿ ಕಬ್ಬಿಣದ ತುಂಡಿಗೆ ಧನ ತಂತಿ. ಜಲಜನಕ ಹೊಮ್ಮುವುದರಿಂದ ಬಯಲಲ್ಲೇ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಒಟ್ಟಿನಲ್ಲಿ ಯಾವ ವಿಧಾನವೂ ತಾನಾಗಿ ಒಳ್ಳೆಯದಲ್ಲ. ಯಾವ ಭಾಗಕ್ಕೆ ಯಾವುದು ಎಂಬ ವಿವೇಕವೇ ಕಸುಬು.

ಕಳಚಿದ ಮೇಲೆ ಹಚ್ಚುವ ಲೇಪದ ವಿಷಯಕ್ಕೆ ಬಂದರೆ, ಪೌಡರ್ ಕೋಟಿಂಗಿನ ಪರವಾದ ವಾದವೂ ಗಟ್ಟಿಯಾದದ್ದೇ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿ ಗಟ್ಟಿಯಾಗುವ ಆ ಲೇಪ ಕಲ್ಲು ಬಡಿದರೂ ಸುಲಭಕ್ಕೆ ಚಕ್ಕೆ ಏಳುವುದಿಲ್ಲ. ಆದರೆ ಸಾಧಾರಣ ಪುಟ್ಟಿ ಆ ಕಾವು ತಾಳದು, ದಪ್ಪ ಪದರ ಬೋಲ್ಟಿನ ತೂತು, ಥ್ರೆಡ್ಡುಗಳನ್ನು ತುಂಬಿಬಿಡುತ್ತದೆ. ಎಲ್ಲೋ ಒಂದು ಕಡೆ ಸೀಳಿದರೆ ಅದರಡಿಯಲ್ಲಿ ತುಕ್ಕು ಸದ್ದಿಲ್ಲದೆ ಹರಡುತ್ತದೆ. ಎಪಾಕ್ಸಿ ಪ್ರೈಮರ್ ಮೇಲೆ ಸ್ಪ್ರೇ ಮಾಡಿದ ಬಣ್ಣ ಅಷ್ಟು ಗಟ್ಟಿಯಲ್ಲದಿದ್ದರೂ ಗೀರಿದಲ್ಲಿ ಅಷ್ಟನ್ನೇ ತಿದ್ದಬಹುದು. ಎರಡಕ್ಕೂ ಷರತ್ತು ಒಂದೇ: ಶುಚಿಯಾದ, ಎಣ್ಣೆಪಸೆಯಿಲ್ಲದ, ಒಣ ಲೋಹ. ಮಳೆಗಾಲದಲ್ಲಿ ಬೆತ್ತಲೆ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಕೆಂಪಗಾಗುವುದರಿಂದ, ಕಳಚಿದ ದಿನವೇ ಪ್ರೈಮರ್ ಬೀಳಬೇಕು.

ಹಾಗಾದರೆ ಕಾಲ ಕೊಟ್ಟ ಬಣ್ಣವನ್ನು ಹಾಗೇ ಬಿಡಬಾರದೇ ಎಂದು ಕೇಳುವವರಿದ್ದಾರೆ. ಟ್ಯಾಂಕು, ಮಡ್‌ಗಾರ್ಡುಗಳ ಮಾಸಿದ ಮೂಲ ಬಣ್ಣದ ವಿಷಯದಲ್ಲಿ ಅವರ ಮಾತು ಸರಿ; ಒಮ್ಮೆ ಹೋದರೆ ಅದು ಮರಳಿ ಬಾರದು. ಭಾರ ಹೊರುವ ಚಾಸಿಗೆ ಮಾತ್ರ ಆ ವಿನಾಯಿತಿ ಸಲ್ಲದು. ಕಾನೂನು ಕೂಡ ಚಾಸಿಯನ್ನು ಗಣನೆಗೆ ತೆಗೆದುಕೊಳ್ಳುತ್ತದೆ: 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಮನ್ನಣೆ ಸಿಗಬೇಕಾದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿಯಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ತುಕ್ಕು ತಿಂದು ಟೊಳ್ಳಾದ ಚಾಸಿಯನ್ನು ಕಿತ್ತು ಬೇರೊಂದನ್ನು ಕೂರಿಸಿದರೆ ಹಳೆಯ ಬೈಕಿನ ಗುರುತೇ ಹೋದಂತೆ. ಒಳ್ಳೆಯ ಕುಶಲಕರ್ಮಿ ಬಣ್ಣದ ಡಬ್ಬಿ ತೆರೆಯುವ ಮುಂಚೆ ದಿನಗಟ್ಟಲೆ ಕೆರೆಯುತ್ತಾ ಕೂರುವುದು ಆ ಗುರುತಿಗಾಗಿ. ಅವನಿಂದ ಬೈಕು ಪಡೆಯುವವರು ಹೊಳಪಿನ ಫೋಟೋ ಕೇಳುವ ಬದಲು ಪ್ರೈಮರಿಗೆ ಮುಂಚಿನ ಬೆತ್ತಲೆ ಚಾಸಿಯ ಫೋಟೋ ಕೇಳುವುದು ಒಳ್ಳೆಯದು.