ಪಪುವಾ ನ್ಯೂಗಿನಿಯ ಎತ್ತರದ ಊರುಗಳು: ನಾವು ನಂಬಿರುವುದು, ಅಲ್ಲಿರುವುದು

ನ್ಯೂಗಿನಿ ದ್ವೀಪದ ನಡುವೆ ಹಾದುಹೋಗುವ ಪರ್ವತಸಾಲಿನ ಕಣಿವೆಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 1,400ರಿಂದ 2,600 ಮೀಟರ್ ಎತ್ತರದಲ್ಲಿ, ಲಕ್ಷಾಂತರ ಜನ ಬಾಳುತ್ತಿದ್ದಾರೆ. ದ್ವೀಪದ ಪಶ್ಚಿಮ ಭಾಗ ಇಂಡೋನೇಷ್ಯಾಕ್ಕೆ ಸೇರಿದೆ. ಪೂರ್ವ ಭಾಗ 1975ರಲ್ಲಿ ಸ್ವತಂತ್ರವಾದ ಪಪುವಾ ನ್ಯೂಗಿನಿ. ನಾನು ಬರೆಯುತ್ತಿರುವುದು ಈ ಪೂರ್ವ ಭಾಗದ ಬೆಟ್ಟದೂರುಗಳ ಬಗ್ಗೆ. ಮುಖಕ್ಕೆ ಬಣ್ಣ ಬಳಿದು ತಲೆಗೆ ಗರಿ ಸಿಕ್ಕಿಸಿಕೊಂಡವರ ಫೋಟೊಗಳಿಂದಲೇ ನಮಗೆ ಇವರ ಪರಿಚಯ. ಆ ಗರಿ, ಬಣ್ಣ ಹಬ್ಬದ ಸಿಂಗಾರ. ಮಿಕ್ಕ ದಿನಗಳಲ್ಲಿ ಇವರು ಹಳೆಯ ಅಂಗಿ ತೊಟ್ಟು, ಸನಿಕೆ ಹಿಡಿದು ತೋಟಕ್ಕೆ ಹೋಗುವ ರೈತರು.

ತಪ್ಪು ಕಲ್ಪನೆ: ಇವರು ಶಿಲಾಯುಗದಲ್ಲೇ ನಿಂತುಹೋದ ಜನ

ವಾಸ್ತವ: ಲೋಹದ ಕೊಡಲಿ ಇವರ ಕೈಗೆ ಬಂದದ್ದು 20ನೇ ಶತಮಾನದಲ್ಲಿ ಎಂಬುದು ನಿಜ. ಬೇಸಾಯ ಮಾತ್ರ ಜಗತ್ತಿನ ಅತಿ ಹಳೆಯ ಬೇಸಾಯಗಳ ಸಾಲಿನದು. ಮೌಂಟ್ ಹೇಗನ್ ಪಟ್ಟಣದ ಬಳಿ, ವಾಘಿ ಕಣಿವೆಯಲ್ಲಿ ಕುಕ್ ಎಂಬ ಜೌಗು ನೆಲವಿದೆ. 1970ರ ದಶಕದಲ್ಲಿ ಪುರಾತತ್ವಜ್ಞ ಜ್ಯಾಕ್ ಗೋಲ್ಸನ್ ಅಲ್ಲಿ ಉತ್ಖನನ ನಡೆಸಿದಾಗ ಮಣ್ಣಿನಡಿ ಪದರ ಪದರವಾಗಿ ಹಳೆಯ ಪಾತಿ, ಕಾಲುವೆಗಳ ಗುರುತು ಸಿಕ್ಕಿತು. ಸುಮಾರು 7,000 ವರ್ಷಗಳ ಹಿಂದೆಯೇ ಅಲ್ಲಿನವರು ಜೌಗಿನಲ್ಲಿ ಮಣ್ಣೇರಿಸಿ ದಿಬ್ಬ ಮಾಡಿ ಬೆಳೆ ತೆಗೆಯುತ್ತಿದ್ದರು. ಬಾಳೆ, ಕೆಸು ಅವರ ಬೆಳೆಗಳು. ಸುಮಾರು 4,000 ವರ್ಷಗಳ ಹಿಂದೆ ಮರದ ಸಲಕರಣೆಗಳಿಂದಲೇ ನೇರವಾದ ಬಸಿಗಾಲುವೆ ತೋಡಿ ನೀರು ಇಳಿಸುತ್ತಿದ್ದರು. 2008ರಲ್ಲಿ ಕುಕ್ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ನೆಲದ ಹಕ್ಕುದಾರರಾದ ಕವೆಲ್ಕಾ ಕುಲದವರು ಇಂದಿಗೂ ಅಲ್ಲೇ ಬೇಸಾಯ ಮಾಡುತ್ತಿದ್ದಾರೆ.

ಈ ದ್ವೀಪದ ಋಣ ನಮ್ಮ ಮೇಲೂ ಇದೆ. ರಸ ತುಂಬಿದ ದಪ್ಪ ಕಬ್ಬನ್ನು ಮೊದಲು ಪಳಗಿಸಿದವರು ನ್ಯೂಗಿನಿಯವರು. ಕೊಯಮತ್ತೂರಿನ ತಳಿತಜ್ಞರು ಆ ಜಾತಿಯನ್ನು ನಮ್ಮ ಕಾಡುಕಬ್ಬಿನೊಂದಿಗೆ ಬೆರೆಸಿ ತೆಗೆದ ತಳಿಗಳ ಸಂತತಿಯೇ ಮಂಡ್ಯದ ಗದ್ದೆಗಳವರೆಗೆ ಹಬ್ಬಿತು.

ತಪ್ಪು ಕಲ್ಪನೆ: ಕಾಡಿನಲ್ಲಿ ಸಿಕ್ಕಿದ್ದನ್ನು ತಿಂದು ಬದುಕುತ್ತಾರೆ

ವಾಸ್ತವ: ಊಟವೆಂದರೆ ಸಿಹಿಗೆಣಸು. ಅಲ್ಲಿನವರು ಅದನ್ನು ಕೌಕೌ ಎನ್ನುತ್ತಾರೆ. ಮುಂಜಾನೆ ಕೆಂಡದಲ್ಲಿ ಸುಟ್ಟದ್ದು, ಸಂಜೆ ಬೇಯಿಸಿದ್ದು, ಹಬ್ಬಕ್ಕೆ ಗುಂಡಿಯಲ್ಲಿ ಕಾದ ಕಲ್ಲುಗಳ ನಡುವೆ ಎಲೆ ಮುಚ್ಚಿ ಹಂದಿಮಾಂಸದ ಜೊತೆ ಬೇಯಿಸಿದ್ದು. ಅದನ್ನು ಬೆಳೆಯುವ ಬಗೆ ನೋಡಿದರೆ ಈ ಜನರ ಜಾಣ್ಮೆ ತಿಳಿಯುತ್ತದೆ. ಎಂಗಾ ಪ್ರಾಂತ್ಯದಲ್ಲಿ ಹಳೆಯ ಬಳ್ಳಿ, ಹುಲ್ಲು, ಕಳೆಯನ್ನೆಲ್ಲ ರಾಶಿ ಹಾಕಿ, ಮೇಲೆ ಮಣ್ಣೆಳೆದು ಮನುಷ್ಯ ಮಲಗುವಷ್ಟು ಅಗಲದ ಗುಡ್ಡೆ ಕಟ್ಟುತ್ತಾರೆ. ಒಳಗಿನ ಕಸ ಕೊಳೆತು ಗೊಬ್ಬರವಾಗುತ್ತದೆ, ಮಣ್ಣನ್ನು ಬೆಚ್ಚಗಿಡುತ್ತದೆ. ರಾತ್ರಿಯ ಕೊರೆಯುವ ಗಾಳಿ ಗುಡ್ಡೆಯ ನೆತ್ತಿಯಿಂದ ಜಾರಿ ತಗ್ಗಿಗೆ ಇಳಿಯುವುದರಿಂದ ಮೇಲಿನ ಬಳ್ಳಿ ಉಳಿಯುತ್ತದೆ. ಹಿಮ ಬಿದ್ದು ಎಲೆ ಕರಕಲಾಗುವ ಎತ್ತರದಲ್ಲಿ ಈ ಗುಡ್ಡೆಯೇ ಅನ್ನದ ಆಸರೆ.

ಬೆಳೆ ತೆಗೆದ ಜಾಗದಲ್ಲಿ ಗಾಳಿಮರ ನೆಟ್ಟು ನೆಲಕ್ಕೆ ಬಿಡುವು ಕೊಡುವುದೂ ಇವರ ಹಳೆಯ ಪದ್ಧತಿ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಸಾವಿರ ವರ್ಷಗಳ ಹಿಂದಿನ ಕೆಸರಿನ ಪದರಗಳಲ್ಲೂ ಈ ಮರದ ಪರಾಗ ಹೇರಳವಾಗಿದೆ. ದೂರದಿಂದ ದಟ್ಟ ಕಾಡಿನಂತೆ ಕಾಣುವ ಎಷ್ಟೋ ಇಳಿಜಾರು ಹೀಗೆ ಯಾರೋ ನೆಟ್ಟು ಬೆಳೆಸಿದ್ದು.

ಇಷ್ಟಾದರೂ 1972, 1997, 2015ರಂತಹ ವರ್ಷಗಳಲ್ಲಿ ಹಿಮ, ಬರ ಒಟ್ಟಿಗೆ ಬಂದು ಗೆಣಸು ಸತ್ತಿತು. 1997ರಲ್ಲಿ ಆಸ್ಟ್ರೇಲಿಯಾದ ಸೇನಾ ವಿಮಾನಗಳು ಅಕ್ಕಿ ತಂದವು. ಹಿಂದೆಯಾದರೆ ಮೇಲಿನ ಊರಿನವರು ತಗ್ಗಿನ ಕಣಿವೆಯ ನೆಂಟರ ಮನೆಗೆ ಇಳಿದು, ತಿಂಗಳುಗಟ್ಟಲೆ ಇದ್ದು, ನೆಲ ಮತ್ತೆ ಚಿಗುರಿದ ಮೇಲೆ ಹತ್ತಿ ಬರುತ್ತಿದ್ದರು. ಮದುವೆಯ ನಂಟು ಅಲ್ಲಿ ಬರಗಾಲದ ವಿಮೆಯೂ ಹೌದು.

ತಪ್ಪು ಕಲ್ಪನೆ: ಹೊರಜಗತ್ತಿನ ಗಾಳಿಯೇ ಸೋಕಿರಲಿಲ್ಲ

ವಾಸ್ತವ: ಗೆಣಸೇ ದಕ್ಷಿಣ ಅಮೆರಿಕದ ಬೆಳೆ. ಬಿಳಿಯರು ಈ ಕಣಿವೆಗಳಿಗೆ ಕಾಲಿಡುವುದಕ್ಕಿಂತ ಶತಮಾನಗಳ ಮೊದಲೇ ಅದು ಕೈಯಿಂದ ಕೈಗೆ ದಾಟಿ ಬೆಟ್ಟ ಹತ್ತಿತ್ತು. ಕಡಲತೀರದ ಮುತ್ತಿನ ಚಿಪ್ಪು ಮೇಲೆ ಬರುತ್ತಿತ್ತು, ಸ್ವರ್ಗಪಕ್ಷಿಯ ಗರಿ ಕೆಳಗಿಳಿಯುತ್ತಿತ್ತು. 1930ರ ದಶಕದಲ್ಲಿ ಚಿನ್ನ ಹುಡುಕುತ್ತ ಬಂದ ಆಸ್ಟ್ರೇಲಿಯಾದ ಲೇಹಿ ಸಹೋದರರು ಕೂಲಿಗೆ, ಹಂದಿಗೆ ಬೆಲೆಯಾಗಿ ಇದೇ ಚಿಪ್ಪುಗಳನ್ನು ವಿಮಾನದಲ್ಲಿ ತರಿಸಿದರು. ಚಿಪ್ಪು ಹೆಚ್ಚಾದಂತೆ ಅದರ ಬೆಲೆ ಕುಸಿಯಿತು.

ಈಗ ನಗದು ತರುವುದು ಅರೇಬಿಕಾ ಕಾಫಿ, ಬಹುಪಾಲು ಸಣ್ಣ ಹಿಡುವಳಿಗಳದ್ದು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ದರ ಇಳಿದರೆ ಚಿಕ್ಕಮಗಳೂರಿನ ಬೆಳೆಗಾರನಿಗೆ ಬೀಳುವ ಪೆಟ್ಟೇ ಇಲ್ಲಿನ ಗೊರೊಕಾ ಪಟ್ಟಣದ ಕಡೆಯ ಬೆಳೆಗಾರನಿಗೂ ಬೀಳುತ್ತದೆ. ಮಕ್ಕಳ ಶಾಲೆ, ಉಪ್ಪು, ಸೋಪು, ಮೊಬೈಲ್ ಕರೆನ್ಸಿ ಎಲ್ಲಕ್ಕೂ ಆ ಕಾಫಿಯೇ ದಾರಿ.

ತಪ್ಪು ಕಲ್ಪನೆ: ನರಭಕ್ಷಕರು

ವಾಸ್ತವ: ನನ್ನನ್ನು ಹೆಚ್ಚು ನೋಯಿಸುವ ಮಾತು ಇದು. ಈಸ್ಟರ್ನ್ ಹೈಲ್ಯಾಂಡ್ಸ್ ಪ್ರಾಂತ್ಯದ ಫೋರೆ ಜನರಲ್ಲಿ ತೀರಿಕೊಂಡ ಬಂಧುವಿನ ದೇಹವನ್ನು ಮಣ್ಣಿಗೆ, ಹುಳಕ್ಕೆ ಬಿಡದೆ, ತಿಂದು ತಮ್ಮಲ್ಲೇ ಉಳಿಸಿಕೊಳ್ಳುವ ಶೋಕಾಚರಣೆಯೊಂದಿತ್ತು. ದ್ವೇಷವಾಗಲೀ ಹಸಿವಾಗಲೀ ಅದರ ಹಿಂದಿರಲಿಲ್ಲ. ಅದರಿಂದ ಕುರು ಎಂಬ ಮಿದುಳಿನ ರೋಗ ಹಬ್ಬಿತು. ಮೈ ನಡುಗಿ, ನಡಿಗೆ ತಪ್ಪಿ, ಸಾಮಾನ್ಯವಾಗಿ ಸುಮಾರು ಒಂದು ವರ್ಷದಲ್ಲಿ ಸಾವು. ಆ ಆಚರಣೆಯಲ್ಲಿ ಪಾಲ್ಗೊಳ್ಳುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಸತ್ತವರೂ ಹೆಚ್ಚಾಗಿ ಅವರೇ. 2,700ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು, ಊರೂರುಗಳಲ್ಲಿ ತಾಯಿಯಿಲ್ಲದ ಮಕ್ಕಳು ಉಳಿದರು. 1960ರ ಹೊತ್ತಿಗೆ ಆಚರಣೆ ನಿಂತಿತು, ರೋಗವೂ ಕ್ರಮೇಣ ಅಳಿಯಿತು. ಸೋಂಕು ತಗುಲಿ 50 ವರ್ಷಗಳ ನಂತರವೂ ರೋಗ ಕಾಣಿಸಿಕೊಳ್ಳಬಹುದೆಂದು ವಿಜ್ಞಾನಕ್ಕೆ ತಿಳಿದದ್ದು ಈ ಕುಟುಂಬಗಳು ದಶಕಗಳ ಕಾಲ ಸಹಕರಿಸಿದ್ದರಿಂದ. ಕುರು ಕುರಿತ ಸಂಶೋಧನೆಗೆ ವಿಜ್ಞಾನಿ ಕಾರ್ಲ್‌ಟನ್ ಗೈದುಸೆಕ್ 1976ರ ನೊಬೆಲ್ ಪಡೆದರು. ನೂರಾರು ಭಾಷೆಗಳ ಒಂದು ನಾಡನ್ನು ಒಂದು ಜನರ ಶೋಕದಿಂದ ಅಳೆಯುವುದು ಅನ್ಯಾಯ.

ತಪ್ಪು ಕಲ್ಪನೆ: ಸೆಕೆ, ಸೊಳ್ಳೆ, ಮಲೇರಿಯಾದ ಊರು

ವಾಸ್ತವ: ಅದು ತಗ್ಗುನಾಡಿನ ಕಥೆ. ಎತ್ತರದಲ್ಲಿ ಮಲೇರಿಯಾ ಕಡಿಮೆ, ಚಳಿ ಹೆಚ್ಚು. ಹೊಗೆಗಂಡಿಯಿಲ್ಲದ ಗುಡಿಸಲಿನ ನಡುವೆ ಇಡೀ ರಾತ್ರಿ ಬೆಂಕಿ ಉರಿಯುತ್ತದೆ. ಆ ಹೊಗೆ, ಚಳಿಯಲ್ಲಿ ಮಕ್ಕಳನ್ನು ಹೆಚ್ಚು ಕಾಡುವುದು ನ್ಯುಮೋನಿಯಾ.

ತಪ್ಪು ಕಲ್ಪನೆ: ಹಣದ ಹಂಗಿಲ್ಲದ ನೆಮ್ಮದಿಯ ಬದುಕು

ವಾಸ್ತವ: ಹೊರಗಿನವರ ಈ ಮೆಚ್ಚುಗೆ ಹೆಂಗಸರ ದುಡಿಮೆಯನ್ನು ನೋಡುವುದೇ ಇಲ್ಲ. ಗಂಡಸರು ಮರ ಕಡಿದು, ಬೇಲಿ ಹಾಕಿ, ಕಾಲುವೆ ತೋಡುತ್ತಾರೆ. ನೆಡುವುದು, ಕಳೆ ಕೀಳುವುದು, ಅಗೆಯುವುದು, ಹೆಣೆದ ಬಿಲುಮ್ ಚೀಲದ ಹಿಡಿಯನ್ನು ಹಣೆಗೆ ಕೊಟ್ಟು ಹೊರೆ ಬೆನ್ನಿಗಿಳಿಸಿ ಇಳಿಜಾರು ಹತ್ತುವುದು, ಹಂದಿ ಸಾಕುವುದು ಹೆಂಗಸರ ಪಾಲು. ಅಗೆದ ಗೆಣಸಿನ ದೊಡ್ಡ ಭಾಗ ಹಂದಿಗೇ ಹೋಗುತ್ತದೆ. ಆ ಹಂದಿಗಳನ್ನು ನೂರಾರು ಜನರ ಮುಂದೆ ದಾನ ಕೊಟ್ಟು ಹೆಸರು ಗಳಿಸುವವನು ಗಂಡಸು. ಅಲ್ಲಿ ಮುಖಂಡತನ ಹುಟ್ಟಿನಿಂದ ಬರುವುದಿಲ್ಲ, ಕೊಡುವ ಕೈಗೆ ಒಲಿಯುತ್ತದೆ ಎಂಬುದನ್ನು ನಾನು ಮೆಚ್ಚುತ್ತೇನೆ. ಕೊಡುವುದನ್ನು ಸಾಕಿದ ಕೈ ಯಾರದೆಂಬುದನ್ನೂ ಹೇಳಲೇಬೇಕು. ಅಕಾಲ ಸಾವಿಗೆ ಮಾಟದ ಆರೋಪ ಹೊರಿಸಿದಾಗ ಚಿತ್ರಹಿಂಸೆಗೆ ಬಲಿಯಾಗುವವರಲ್ಲೂ ಹೆಂಗಸರೇ ಹೆಚ್ಚು. 2013ರಲ್ಲಿ ಮೌಂಟ್ ಹೇಗನ್‌ನಲ್ಲಿ ಯುವತಿಯೊಬ್ಬಳನ್ನು ಜನರೆದುರೇ ಸುಟ್ಟು ಕೊಂದ ಮೇಲೆ ಸರ್ಕಾರ 1971ರ ಮಾಟ ಕಾಯ್ದೆಯನ್ನು ರದ್ದು ಮಾಡಿತು. ದಾಳಿಗಳು ಇನ್ನೂ ನಿಂತಿಲ್ಲ.

ತಪ್ಪು ಕಲ್ಪನೆ: ಕಾದಾಟ ಅವರ ರಕ್ತದಲ್ಲೇ ಇದೆ

ವಾಸ್ತವ: ನೆಲಕ್ಕಾಗಿ, ಹಂದಿಗಾಗಿ ಕುಲಗಳ ಜಗಳ ಹಳೆಯದು. ಬಿಲ್ಲುಬಾಣದ ಕಾಲದಲ್ಲಿ ಸಾವು ಕಡಿಮೆಯಿತ್ತು. ಸತ್ತವನಿಗೆ ಹಂದಿಗಳ ಪರಿಹಾರ ಕೊಟ್ಟು ರಾಜಿಯಾಗುವ ದಾರಿಯೂ ಇತ್ತು. ಕಳೆದ ಕೆಲವು ದಶಕಗಳಲ್ಲಿ ಬಂದೂಕು ಬಂದು ಆ ಲೆಕ್ಕ ಕೆಡಿಸಿತು. 2024ರ ಫೆಬ್ರುವರಿಯಲ್ಲಿ ಎಂಗಾದ ವಪೆನಮಾಂಡಾ ಕಡೆ ಒಂದೇ ಕಾಳಗದಲ್ಲಿ ಹತ್ತಾರು ಜನ ಸತ್ತರು. ಇಂತಹ ಕಡೆ ಶಾಲೆ, ಆರೋಗ್ಯ ಕೇಂದ್ರಗಳೂ ಮುಚ್ಚಿಹೋಗುತ್ತವೆ.

ತಪ್ಪು ಕಲ್ಪನೆ: ಎಲ್ಲ ಕಷ್ಟಕ್ಕೂ ದುರ್ಗಮ ಬೆಟ್ಟವೇ ಕಾರಣ

ವಾಸ್ತವ: ಬೆಟ್ಟ ಕಡಿದಾಗಿದೆ, ನಿಜ. ರಾಜಧಾನಿ ಪೋರ್ಟ್ ಮೋರೆಸ್ಬಿಯಿಂದ ಈ ಕಣಿವೆಗಳಿಗೆ ಇಂದಿಗೂ ರಸ್ತೆಯಿಲ್ಲ. ಕಡಲತೀರದ ಲೇ ಪಟ್ಟಣದಿಂದ ಹೆದ್ದಾರಿ ಹತ್ತಿ ಬರುತ್ತದೆ. ಹೆದ್ದಾರಿಯಿಂದ ದೂರದ ಊರುಗಳಿಗೆ ಇಳಿಜಾರಿನ ಹುಲ್ಲುಹಾಸಿನ ಮೇಲೆ ಇಳಿಯುವ ಪುಟ್ಟ ವಿಮಾನವೇ ಗತಿ. ವಿಮಾನ ಬಾರದಿದ್ದರೆ ಕಾಫಿ ಮೂಟೆ ಅಲ್ಲೇ ಉಳಿಯುತ್ತದೆ, ಹೆರಿಗೆ ನೋವಿನ ಹೆಂಗಸನ್ನು ಬೊಂಬಿಗೆ ಕಟ್ಟಿದ ಕಂಬಳಿಯಲ್ಲಿ ಹೊತ್ತು ನಡೆಯಬೇಕಾಗುತ್ತದೆ. ಆದರೆ ಹಣ ಬರುವುದಾದರೆ ಬೆಟ್ಟ ಅಡ್ಡಿಯಾಗುವುದಿಲ್ಲ. ಎಂಗಾದ ಪೊರ್ಗೆರಾದಲ್ಲಿ 1990ರಿಂದ ದೊಡ್ಡ ಚಿನ್ನದ ಗಣಿಯಿದೆ, ಪಕ್ಕದ ಹೆಲಾ ಪ್ರಾಂತ್ಯದ ಅನಿಲ 2014ರಿಂದ ಕೊಳವೆಯಲ್ಲಿ ಕಡಲಿಗಿಳಿದು ಹಡಗೇರಿ ಏಷ್ಯಾದ ದೇಶಗಳಿಗೆ ಹೋಗುತ್ತಿದೆ. ಅದೇ ಪ್ರಾಂತ್ಯಗಳ ಎಷ್ಟೋ ಊರುಗಳಿಗೆ ಇನ್ನೂ ವಿದ್ಯುತ್ ಇಲ್ಲ.

2024ರ ಮೇ 24ರಂದು ಪೊರ್ಗೆರಾದ ರಸ್ತೆಯ ಬದಿಯಲ್ಲೇ ಇದ್ದ ಯಂಬಾಲಿ ಊರಿನ ಮೇಲೆ ನಸುಕಿನಲ್ಲಿ ಬೆಟ್ಟ ಕುಸಿಯಿತು. ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಸತ್ತವರು 670ಕ್ಕೂ ಹೆಚ್ಚು ಎಂದು ಅಂದಾಜಿಸಿತು, ಸರ್ಕಾರ 2,000ಕ್ಕೂ ಹೆಚ್ಚು ಎಂದಿತು. ಜನಗಣತಿ ನಡೆದು ಆಗ 13 ವರ್ಷವಾಗಿತ್ತು, ಕಾದಾಟಕ್ಕೆ ಹೆದರಿ ಬೇರೆ ಊರುಗಳಿಂದ ಬಂದು ನೆಲೆಸಿದವರೂ ಅಲ್ಲಿದ್ದರು. ಆ ಮಣ್ಣಿನಡಿ ಎಷ್ಟು ಜನರಿದ್ದಾರೆಂದು ಖಚಿತವಾಗಿ ಹೇಳಬಲ್ಲ ಒಂದು ದಾಖಲೆಯೂ ಸರ್ಕಾರದ ಬಳಿ ಇರಲಿಲ್ಲ.